ಎರಡಾಗುತ್ತಿರುವ ಜೀವಕೋಶವನ್ನು ಬೇಕಾದ ನಿಮಿಷಕ್ಕೆ ನಿಲ್ಲಿಸುವ ಸಣ್ಣ ಅಣುಗಳು

ಮನುಷ್ಯನ ಒಂದು ಜೀವಕೋಶ ಎರಡಾಗುವ ಕೊನೆಯ ಹಂತಕ್ಕೆ ಬೇಕಾಗುವುದು ಸುಮಾರು ಒಂದು ಗಂಟೆ. ಅದಕ್ಕೂ ಮೊದಲು ಹೆಚ್ಚುಕಡಿಮೆ ಒಂದು ದಿನ ಅದು ತಯಾರಿ ನಡೆಸಿರುತ್ತದೆ. ಬೆಳೆದಿರುತ್ತದೆ, ತನ್ನ 46 ವರ್ಣತಂತುಗಳಿಗೂ ಒಂದೊಂದು ನಕಲು ಮಾಡಿಟ್ಟುಕೊಂಡಿರುತ್ತದೆ. ಆದರೆ ಹಂಚಿಕೆ ನಡೆಯುವುದು ಆ ಒಂದು ಗಂಟೆಯಲ್ಲೇ. ವರ್ಣತಂತುಗಳ ಜೋಡಿಗಳು ನಡುವೆ ಸಾಲಾಗಿ ನಿಲ್ಲಬೇಕು. ಪ್ರತಿ ಜೋಡಿಯಲ್ಲಿ ಒಂದು ಆ ಕಡೆ, ಇನ್ನೊಂದು ಈ ಕಡೆ ಹೋಗಬೇಕು. ಆಮೇಲೆ ಕೋಶದ ನಡು ಕಿರಿದಾಗುತ್ತಾ ಹೋಗಿ ಎರಡು ತುಂಡಾಗಬೇಕು. ಒಂದೇ ಒಂದು ವರ್ಣತಂತು ತಪ್ಪು ಕಡೆ ಹೋದರೂ ಹೊಸ ಕೋಶಗಳೆರಡರ ಲೆಕ್ಕವೂ ತಪ್ಪುತ್ತದೆ. ಕ್ಯಾನ್ಸರ್ ಗಡ್ಡೆಯ ಕೋಶಗಳಲ್ಲಿ ಹೀಗೆ ಲೆಕ್ಕ ತಪ್ಪಿರುವುದೇ ಜಾಸ್ತಿ.

ಈ ಕೆಲಸಗಳೆಲ್ಲ ಸರಿಯಾದ ಹೊತ್ತಿಗೆ, ಸರಿಯಾದ ಕ್ರಮದಲ್ಲಿ ನಡೆಯುವಂತೆ ನೋಡಿಕೊಳ್ಳುವುದು ಕೋಶದೊಳಗಿನ ಸಂಕೇತಗಳು. ಸಂಕೇತ ಅಂದರೆ ಇಲ್ಲಿ ಬಹಳ ಸರಳವಾದ ಒಂದು ರಾಸಾಯನಿಕ ಕ್ರಿಯೆ. ಕೈನೇಸ್ ಎಂಬ ಬಗೆಯ ಪ್ರೋಟೀನ್ ಇನ್ನೊಂದು ಪ್ರೋಟೀನಿಗೆ ಒಂದು ಫಾಸ್ಫೇಟ್ ಅಂಟಿಸುತ್ತದೆ. ಅಂಟಿದ ಕೂಡಲೇ ಆ ಪ್ರೋಟೀನಿನ ನಡವಳಿಕೆ ಬದಲಾಗುತ್ತದೆ. ಸುಮ್ಮನಿದ್ದದ್ದು ಕೆಲಸಕ್ಕೆ ಇಳಿಯಬಹುದು, ಕೆಲಸದಲ್ಲಿದ್ದದ್ದು ನಿಲ್ಲಬಹುದು, ಇಲ್ಲಿದ್ದದ್ದು ಅಲ್ಲಿಗೆ ಹೋಗಬಹುದು. ಆ ಫಾಸ್ಫೇಟನ್ನು ಕಿತ್ತುಹಾಕುವ ಪ್ರೋಟೀನುಗಳೂ ಇವೆ. ಹೀಗೆ ಅಂಟಿಸುವುದು, ಕೀಳುವುದು, ಇವುಗಳ ಸರಣಿಯನ್ನೇ ಸಂಕೇತ ಮಾರ್ಗ ಎನ್ನುತ್ತಾರೆ. ಮನುಷ್ಯನಲ್ಲಿ ಇಂಥ ಕೈನೇಸ್‌ಗಳು 500ಕ್ಕಿಂತ ಸ್ವಲ್ಪ ಜಾಸ್ತಿ ಇವೆ. ವಿಭಜನೆಯ ಮಟ್ಟಿಗೆ ಮತ್ತೆ ಮತ್ತೆ ಕೇಳಿಬರುವ ಹೆಸರುಗಳು ಮಾತ್ರ ಕೆಲವೇ: ಸಿಡಿಕೆ1, ಪೋಲೋ, ಅರೋರಾ, ಎಂಪಿಎಸ್1. ಮೊದಲನೆಯದರ ಗುಂಪನ್ನು ಮತ್ತು ಅದರ ಜೊತೆಗಾರ ಸೈಕ್ಲಿನ್‌ಗಳನ್ನು ಕಂಡುಹಿಡಿದ ಕೆಲಸಕ್ಕಾಗಿಯೇ ಲೀಲ್ಯಾಂಡ್ ಹಾರ್ಟ್‌ವೆಲ್, ಟಿಮ್ ಹಂಟ್ ಮತ್ತು ಪಾಲ್ ನರ್ಸ್ ಅವರಿಗೆ 2001ರ ನೊಬೆಲ್ ಬಂತು.

ಈ ಸಂಕೇತಗಳಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು 'ತಡೆ, ಇನ್ನೂ ಹೊರಡಬೇಡ' ಎಂದು ಹೇಳುವ ಸಂಕೇತ. ವರ್ಣತಂತುಗಳನ್ನು ಎಳೆಯುವುದು ಕದಿರೆಳೆಗಳು. ಇವು ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಕಣಗಳು ಒಂದರ ಮೇಲೊಂದು ಕೂತು ಆಗುವ ಬಹಳ ತೆಳುವಾದ ಕೊಳವೆಗಳು. ಕೋಶದ ಎರಡು ಧ್ರುವಗಳಿಂದ ಹೊರಟು ಬಂದು, ಪ್ರತಿ ವರ್ಣತಂತುವಿನ ಕೈನೆಟೋಕೋರ್ ಎಂಬ ಜಾಗಕ್ಕೆ ಹಿಡಿದುಕೊಳ್ಳುತ್ತವೆ. ಎಲ್ಲಿಯವರೆಗೆ ಒಂದೇ ಒಂದು ಕೈನೆಟೋಕೋರ್‌ಗೆ ಎಳೆ ಸಿಕ್ಕಿಲ್ಲವೋ ಅಲ್ಲಿಯವರೆಗೆ ಅದು 'ತಡೆ' ಎಂಬ ಸಂಕೇತ ಕೊಡುತ್ತಲೇ ಇರುತ್ತದೆ. ಎಂಪಿಎಸ್1 ಅಲ್ಲಿ ಬಂದು ಕೂರುತ್ತದೆ, ಮ್ಯಾಡ್ ಮತ್ತು ಬಬ್ ಎಂಬ ಪ್ರೋಟೀನುಗಳನ್ನು ಸೇರಿಸುತ್ತದೆ, ಅವು ಸೇರಿ ಮುಂದಿನ ಹಂತಕ್ಕೆ ಬೇಕಾದ ದೊಡ್ಡ ಪ್ರೋಟೀನ್ ಗುಂಪೊಂದನ್ನು ತಡೆದು ಹಿಡಿಯುತ್ತವೆ. ಕಾನ್ಲಿ ರೀಡರ್ ಎಂಬ ವಿಜ್ಞಾನಿಯ ತಂಡ 1995ರಲ್ಲಿ, ಎಳೆ ಸಿಗದೆ ಉಳಿದಿದ್ದ ಆ ಕೊನೆಯ ಕೈನೆಟೋಕೋರನ್ನು ಲೇಸರ್‌ನಿಂದ ಸುಟ್ಟುಹಾಕಿತು. ಕೋಶ ಕಾಯುವುದನ್ನು ಬಿಟ್ಟು ಮುಂದೆ ಹೊರಟಿತು. ಅಷ್ಟು ಚಿಕ್ಕ ಜಾಗವೊಂದು ಇಡೀ ಕೋಶವನ್ನು ಹಿಡಿದು ನಿಲ್ಲಿಸಿತ್ತು ಎಂದು ಇದರಿಂದ ಖಚಿತವಾಯಿತು.

ಈಗ ನಿಜವಾದ ಪ್ರಶ್ನೆಗೆ ಬರೋಣ. ಯಾವ ಪ್ರೋಟೀನ್ ಯಾವ ಹೊತ್ತಿನಲ್ಲಿ ಏನು ಹೇಳುತ್ತಿದೆ ಎಂದು ತಿಳಿಯುವುದು ಹೇಗೆ?

ಜೀವಶಾಸ್ತ್ರಜ್ಞರ ಹಳೆಯ ದಾರಿ ಅದನ್ನು ತೆಗೆದು ನೋಡುವುದು. ಜೀನ್ ಕೆಡಿಸು, ಏನು ತಪ್ಪುತ್ತದೆ ನೋಡು. ಯೀಸ್ಟ್‌ನಲ್ಲಿ ಈ ದಾರಿ ಅದ್ಭುತವಾಗಿ ಕೆಲಸ ಮಾಡಿದೆ. ಮ್ಯಾಡ್, ಬಬ್ ಜೀನ್‌ಗಳು 1991ರಲ್ಲಿ ಸಿಕ್ಕಿದ್ದೇ ಹಾಗೆ. ಆ ಹುಡುಕಾಟಗಳಲ್ಲೂ ಸಣ್ಣ ಅಣುವಿನ ನೆರವಿತ್ತು ಅನ್ನುವುದನ್ನು ಮರೆಯುವಂತಿಲ್ಲ. ಶಿಲೀಂಧ್ರನಾಶಕವಾಗಿ ಬಳಕೆಯಲ್ಲಿದ್ದ ಬೆನೋಮಿಲ್ ಹಾಕಿ ಕದಿರೆಳೆಗಳನ್ನು ಕೆಡಿಸಿದರೂ ನಿಲ್ಲದೆ ಮುಂದೆ ಹೋಗಿ ಸಾಯುವ ಯೀಸ್ಟ್‌ಗಳನ್ನು ಆ ಸಂಶೋಧಕರು ಹುಡುಕಿದ್ದರು.

ಆದರೆ ಮನುಷ್ಯನ ಕೋಶದಲ್ಲಿ ಜೀನ್ ತೆಗೆಯುವುದಕ್ಕೆ ಒಂದು ದೊಡ್ಡ ಮಿತಿ ಇದೆ. ಆರ್‌ಎನ್‌ಎ ತುಣುಕು ಹಾಕಿ ಜೀನನ್ನು ಸುಮ್ಮನಾಗಿಸಿದರೂ ಈಗಾಗಲೇ ತಯಾರಾಗಿರುವ ಪ್ರೋಟೀನ್ ಖಾಲಿಯಾಗಲು ಒಂದೆರಡು ದಿನ ಬೇಕು. ನಾವು ನೋಡಬೇಕಾದ ಘಟನೆಯೋ ಕೆಲವೇ ನಿಮಿಷಗಳದ್ದು. ಪ್ರೋಟೀನ್ ನಿಧಾನವಾಗಿ ಕಡಿಮೆಯಾಗುವಷ್ಟರಲ್ಲಿ ಕೋಶ ಬೇರೆ ದಾರಿ ಹಿಡಿದಿರಬಹುದು, ಅಥವಾ ಎಲ್ಲೋ ಮೊದಲ ಹಂತದಲ್ಲೇ ಸಿಕ್ಕಿಹಾಕಿಕೊಂಡಿರಬಹುದು. ಯಕ್ಷಗಾನದಲ್ಲಿ ಭಾಗವತರು ಸಂಜೆಗೆ ಬರಲೇ ಇಲ್ಲ ಅಂದರೆ ಆಟವೇ ಶುರುವಾಗುವುದಿಲ್ಲ. ಬೆಳಗಿನ ಜಾವದ ಪ್ರಸಂಗದಲ್ಲಿ ಅವರು ಏನು ಮಾಡುತ್ತಾರೆ ಎಂದು ಅದರಿಂದ ಗೊತ್ತಾಗುವುದೂ ಇಲ್ಲ. ಅದು ಗೊತ್ತಾಗಬೇಕಾದರೆ ರಾತ್ರಿಯೆಲ್ಲ ಹಾಡಲು ಬಿಟ್ಟು, ಬೆಳಗಿನ ಜಾವಕ್ಕೆ ಸರಿಯಾಗಿ ತಡೆಯಬೇಕು.

ಸಣ್ಣ ಅಣುವಿನಿಂದ ಆಗುವುದು ಇದೇ. ನೂರಾರು ಅಮೈನೋ ಆಮ್ಲಗಳ ಪ್ರೋಟೀನಿಗೆ ಹೋಲಿಸಿದರೆ ಇದು ತೀರಾ ಚಿಕ್ಕದು. ಹಾಗಾಗಿ ಕೋಶದ ಪೊರೆಯ ಮೂಲಕ ನುಸುಳುತ್ತದೆ, ನಿಮಿಷಗಳಲ್ಲಿ ಪ್ರೋಟೀನಿನ ಒಂದು ಗುಳಿಯೊಳಗೆ ಹೋಗಿ ಕೂರುತ್ತದೆ, ಅದರ ಕೆಲಸ ನಿಲ್ಲಿಸುತ್ತದೆ. ಇನ್ನೂ ಮುಖ್ಯವಾದದ್ದು ಏನೆಂದರೆ ಇಂಥ ಬಹಳಷ್ಟು ಅಣುಗಳನ್ನು ತೊಳೆದು ತೆಗೆಯಬಹುದು. ಕೋಶ ಬೆಳೆಯುತ್ತಿರುವ ದ್ರವವನ್ನು ಬದಲಿಸಿದರೆ ಅಣು ಹೊರಗೆ ಹೋಗುತ್ತದೆ, ಪ್ರೋಟೀನ್ ಮತ್ತೆ ಕೆಲಸಕ್ಕೆ ಇಳಿಯುತ್ತದೆ. ತಡೆಯುವುದು, ಬಿಡುವುದು, ಎರಡೂ ನಮ್ಮ ಕೈಯಲ್ಲಿರುತ್ತದೆ. ಸಂಕೇತ ಮಾರ್ಗ ಅನ್ನುವುದು 'ಯಾವಾಗ' ಎಂಬ ಪ್ರಶ್ನೆಯ ಸುತ್ತ ಇರುವ ವಿಷಯ. ಆ ಪ್ರಶ್ನೆಯನ್ನು ಬೇಕಾದ ನಿಮಿಷದಲ್ಲಿ ಕೇಳಲು ಬಿಡುವ ಉಪಕರಣಗಳು ಬಹಳ ಇಲ್ಲ.

ಹಾಗಾದರೆ ಇಂಥ ಅಣು ಸಿಗುವುದೆಲ್ಲಿ? ಮೊದಮೊದಲು ಸಿಕ್ಕಿದ್ದು ಗಿಡಗಳಲ್ಲಿ. ಕೋಲ್ಚಿಸಿನ್ ಅಂಥದ್ದು. ಮಳೆಗಾಲದಲ್ಲಿ ನಮ್ಮ ಬೇಲಿಗಳ ಮೇಲೆ ಕೆಂಪು ಹಳದಿ ಎಸಳು ಮೇಲಕ್ಕೆತ್ತಿ ಅರಳುವ ಅಗ್ನಿಶಿಖೆಯ ಗಡ್ಡೆಯಲ್ಲೂ ಬೀಜದಲ್ಲೂ ಅದು ಇದೆ. ಅದೇ ಕಾರಣಕ್ಕೆ ಆ ಗಿಡ ತೀರಾ ವಿಷ. 1960ರ ದಶಕದಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಎಡ್ವಿನ್ ಟೇಲರ್ ಮತ್ತು ಗ್ಯಾರಿ ಬೋರಿಸಿ ವಿಕಿರಣ ಗುರುತು ಹಾಕಿದ ಕೋಲ್ಚಿಸಿನ್ ಕೋಶದಲ್ಲಿ ಯಾವುದಕ್ಕೆ ಅಂಟುತ್ತದೆ ಎಂದು ಬೆನ್ನುಹತ್ತಿದರು. ಸಿಕ್ಕಿದ್ದು ಟ್ಯೂಬ್ಯುಲಿನ್. ಅಂದರೆ ಕದಿರೆಳೆ ಯಾವುದರಿಂದ ಆಗಿದೆ ಎಂಬುದನ್ನೇ ಒಂದು ಸಣ್ಣ ಅಣು ತೋರಿಸಿಕೊಟ್ಟಿತು. ಮನೆ ಮುಂದೆ ಬೆಳೆಯುವ ನಿತ್ಯಪುಷ್ಪದಿಂದ 1950ರ ದಶಕದಲ್ಲಿ ಕೆನಡಾದಲ್ಲಿ ವಿನ್‌ಬ್ಲಾಸ್ಟಿನ್ ಸಿಕ್ಕಿತು. ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ ಹುಟ್ಟಿದ ಮನ್‌ಸುಖ್ ವಾಣಿ ಅಮೆರಿಕದ ಒಂದು ಮರದ ತೊಗಟೆಯಿಂದ ಟ್ಯಾಕ್ಸಾಲ್ ಬೇರ್ಪಡಿಸಿ 1971ರಲ್ಲಿ ಅದರ ರಚನೆ ಪ್ರಕಟಿಸಿದರು. ಅದು ಕದಿರೆಳೆಗಳನ್ನು ಕರಗಲು ಬಿಡದೆ ಗಟ್ಟಿ ಮಾಡುತ್ತದೆ ಎಂದು 1979ರಲ್ಲಿ ತೋರಿಸಿದವರು ಸೂಸಾನ್ ಹಾರ್ವಿಟ್ಜ್.

ಎಲ್ಲವೂ ದೊಡ್ಡ ಔಷಧಿಗಳೇ. ಆದರೆ ಒಂದು ವಿಷಯ ಗಮನಿಸಿ. ಇವೆಲ್ಲ ಹೋಗಿ ಹಿಡಿಯುವುದು ಟ್ಯೂಬ್ಯುಲಿನ್ ಒಂದನ್ನೇ. ವಿಭಜನೆಯಲ್ಲಿ ನೂರಾರು ಪ್ರೋಟೀನುಗಳು ಕೆಲಸ ಮಾಡುತ್ತವೆ, ನಮ್ಮ ಕೈಯಲ್ಲಿದ್ದ ಅಣುಗಳು ಮಾತ್ರ ಒಂದೇ ಪ್ರೋಟೀನಿನವು. ಟ್ಯೂಬ್ಯುಲಿನ್ ಬರೀ ವಿಭಜನೆಗೆ ಸೇರಿದ್ದೂ ಅಲ್ಲ. ನರಗಳ ಉದ್ದಕ್ಕೂ ಸಾಮಾನು ಸಾಗುವುದು ಇದೇ ಕೊಳವೆಗಳ ಮೇಲೆ. ಕ್ಯಾನ್ಸರ್‌ಗೆ ಟ್ಯಾಕ್ಸಾಲ್ ತೆಗೆದುಕೊಂಡವರಲ್ಲಿ ಅನೇಕರಿಗೆ ಕೈಕಾಲು ಜೋಮು ಹಿಡಿಯುವುದು, ಉರಿಯುವುದು ಇದರಿಂದಲೇ.

1990ರ ದಶಕದ ಕೊನೆಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ತಂಡ ಈ ಕೊರತೆ ನೀಗಲು ಹೊರಟಿತು. ಥಾಮಸ್ ಮೇಯರ್, ತರುಣ್ ಕಪೂರ್, ಸ್ಟುವರ್ಟ್ ಶ್ರೈಬರ್, ಟಿಮ್ ಮಿಚಿಸನ್ ಮತ್ತಿತರರು ಸೇರಿ 1999ರಲ್ಲಿ ಪ್ರಕಟಿಸಿದ ಆ ಕೆಲಸವನ್ನು ಹಂತ ಹಂತವಾಗಿ ನೋಡುವುದು ಒಳ್ಳೆಯದು. ಸ್ಕ್ರೀನಿಂಗ್, ಅಂದರೆ ಸಾವಿರಾರು ಅಣುಗಳನ್ನು ಒಂದೊಂದಾಗಿ ಹಾಕಿ ನೋಡಿ ಬೇಕಾದ್ದನ್ನು ಹೆಕ್ಕುವ ಕೆಲಸ, ಹೇಗೆ ಯೋಚಿಸುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅವರ ಹತ್ತಿರ ಇದ್ದದ್ದು 16,320 ರಾಸಾಯನಿಕಗಳ ಸಂಗ್ರಹ. ಯಾವುದು ಏನು ಮಾಡುತ್ತದೆ ಎಂದು ಮೊದಲೇ ಗೊತ್ತಿಲ್ಲದ, ಮಾರಾಟಕ್ಕೆ ಸಿಗುವ ಅಣುಗಳು. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ 384 ಪುಟ್ಟ ಗುಳಿಗಳಿರುತ್ತವೆ. ಪ್ರತಿ ಗುಳಿಯಲ್ಲಿ ಮನುಷ್ಯನ ಕೋಶಗಳು, ಪ್ರತಿ ಗುಳಿಗೂ ಒಂದೊಂದು ಅಣು. ಇಲ್ಲಿ ಅವರು ಒಂದು ಪ್ರೋಟೀನನ್ನು ಆರಿಸಿಕೊಂಡು ಅದಕ್ಕೆ ಅಂಟುವ ಅಣು ಹುಡುಕಲಿಲ್ಲ. ಇಡೀ ಕೋಶಕ್ಕೆ ಅಣು ಹಾಕಿ, ಕೋಶ ವಿಭಜನೆಯ ನಡುವೆ ಸಿಕ್ಕಿಕೊಂಡಿತಾ ಎಂದಷ್ಟೇ ಕೇಳಿದರು. ನನಗೆ ಈ ನಿರ್ಧಾರವೇ ಇಡೀ ಕೆಲಸದ ಜೀವಾಳ ಅನ್ನಿಸುತ್ತದೆ. ಪ್ರೋಟೀನ್ ಮೊದಲೇ ಆರಿಸಿದರೆ ನಮಗೆ ಗೊತ್ತಿರುವುದರ ಒಳಗೇ ಸುತ್ತುತ್ತೇವೆ. ಕೋಶಕ್ಕೇ ಆಯ್ಕೆ ಬಿಟ್ಟರೆ ನಾವು ಊಹಿಸದ ಜಾಗವನ್ನು ಅದು ತೋರಿಸಬಹುದು.

ಸಿಕ್ಕಿಕೊಂಡಿದೆ ಎಂದು ತಿಳಿಯುವುದು ಹೇಗೆ? ಇದಕ್ಕೆ ಅವರು ಸಂಕೇತವನ್ನೇ ಬಳಸಿಕೊಂಡರು. ಕೋಶ ವಿಭಜನೆಗೆ ಇಳಿದಾಗ ನ್ಯೂಕ್ಲಿಯೋಲಿನ್ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟುತ್ತದೆ. ಫಾಸ್ಫೇಟ್ ಅಂಟಿದ ಆ ರೂಪವನ್ನು ಮಾತ್ರ ಗುರುತಿಸುವ ಪ್ರತಿಕಾಯ ಅವರ ಹತ್ತಿರ ಇತ್ತು. ಮಾಮೂಲಿಯಾಗಿ ಒಂದು ಗುಳಿಯಲ್ಲಿ ಯಾವುದೇ ಕ್ಷಣಕ್ಕೆ ವಿಭಜನೆಯಲ್ಲಿರುವ ಕೋಶಗಳು ಸ್ವಲ್ಪವೇ. ಅಣುವೊಂದು ಎಲ್ಲವನ್ನೂ ಆ ಹಂತದಲ್ಲೇ ನಿಲ್ಲಿಸಿದರೆ ಫಾಸ್ಫೇಟ್ ಅಂಟಿದ ನ್ಯೂಕ್ಲಿಯೋಲಿನ್ ಗುಡ್ಡೆಯಾಗುತ್ತದೆ, ಆ ಗುಳಿ ಹೊಳೆಯುತ್ತದೆ. ಹೀಗೆ ಹೊಳೆದವು 139 ಅಣುಗಳು.

ಆಮೇಲೆ ಶುರುವಾಗುವುದು ಬೇಡದ್ದನ್ನು ಬಿಡುವ ಕೆಲಸ. 139ರಲ್ಲಿ ಹಳೆಯ ಔಷಧಿಗಳಂತೆ ಟ್ಯೂಬ್ಯುಲಿನ್ ಹಿಡಿಯುವವು ಎಷ್ಟು? ಶುದ್ಧ ಮಾಡಿದ ಟ್ಯೂಬ್ಯುಲಿನ್ ಜೊತೆ ಒಂದೊಂದನ್ನೂ ಕೋಶದ ಹೊರಗೆ, ಪ್ರಯೋಗಾಲಯದಲ್ಲಿ ಬೆರೆಸಿ ನೋಡಿದರು. 52 ಅಣುಗಳು ಎಳೆ ಕಟ್ಟುವುದನ್ನು ತಡೆದವು, 1 ಅಣು ಟ್ಯಾಕ್ಸಾಲ್‌ನಂತೆ ಎಳೆ ಕಟ್ಟುವುದನ್ನು ಹೆಚ್ಚಿಸಿತು. ಅವೆಲ್ಲ ಹೊರಗೆ. ಉಳಿದ 86ನ್ನು ಕೋಶಗಳಿಗೆ ಹಾಕಿ, ಕದಿರೆಳೆಗೆ ಒಂದು ಬಣ್ಣ, ವರ್ಣತಂತುವಿಗೆ ಇನ್ನೊಂದು ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ವಿಭಜನೆ ಆಗದ ಕೋಶಗಳನ್ನು ಮುಟ್ಟದೆ, ಆಗುತ್ತಿರುವವನ್ನು ಮಾತ್ರ ಕೆಡಿಸಿದ ಅಣುಗಳು ಕೊನೆಗೆ ಉಳಿದದ್ದು 5.

ಅವುಗಳಲ್ಲಿ ಒಂದರ ಚಿತ್ರ ಬೇರೆಯೇ ಇತ್ತು. ಎರಡು ಧ್ರುವಗಳ ಬದಲು ನಡುವೆ ಒಂದೇ ಧ್ರುವ. ಅಲ್ಲಿಂದ ಎಳೆಗಳು ಎಲ್ಲ ದಿಕ್ಕಿಗೂ ಹೊರಟಿವೆ, ವರ್ಣತಂತುಗಳು ಅದರ ಸುತ್ತ ಬಳೆಯಂತೆ ನಿಂತಿವೆ. ಆ ಅಣುವಿಗೆ ಮೊನಾಸ್ಟ್ರಾಲ್ ಎಂದು ಹೆಸರಿಟ್ಟರು.

ಈ ಚಿತ್ರವೇ ಸುಳಿವಾಯಿತು. ಇಜಿ5 ಎಂಬ ಒಂದು ಮೋಟರ್ ಪ್ರೋಟೀನ್ ಇದೆ. ಎದುರು ಬದುರು ದಿಕ್ಕಿನ ಎರಡು ಎಳೆಗಳನ್ನು ಒಟ್ಟಿಗೆ ಹಿಡಿದು, ಎರಡರ ಮೇಲೂ ನಡೆದು, ಧ್ರುವಗಳನ್ನು ದೂರ ತಳ್ಳುವುದು ಅದರ ಕೆಲಸ. ಪ್ರತಿಕಾಯ ಹಾಕಿ ಅದನ್ನು ಕಟ್ಟಿಹಾಕಿದರೆ ಇಂಥದೇ ಒಂಟಿ ಧ್ರುವ ಬರುತ್ತದೆ ಎಂದು ಹಿಂದಿನ ಕೆಲಸಗಳಿಂದ ಗೊತ್ತಿತ್ತು. ಹಾಗಾದರೆ ಮೊನಾಸ್ಟ್ರಾಲ್ ಹಿಡಿಯುವುದು ಇಜಿ5 ಇರಬಹುದೇ? ಶುದ್ಧ ಇಜಿ5 ಅನ್ನು ಗಾಜಿಗೆ ಅಂಟಿಸಿ ಅದರ ಮೇಲೆ ಎಳೆಗಳನ್ನು ಬಿಟ್ಟರೆ ಅವು ಜಾರುತ್ತಾ ಹೋಗುತ್ತವೆ. ಮೊನಾಸ್ಟ್ರಾಲ್ ಹಾಕಿದಾಗ ಆ ಓಟ ನಿಂತಿತು. ಅದೇ ಕುಟುಂಬದ ಇನ್ನೊಂದು ಮೋಟರಿನ ಮೇಲೆ ಅದು ಏನೂ ಮಾಡಲಿಲ್ಲ. ಟ್ಯೂಬ್ಯುಲಿನ್ ಬಿಟ್ಟು ವಿಭಜನೆಯ ಬೇರೊಂದು ಯಂತ್ರವನ್ನೇ ಹಿಡಿಯುವ ಮೊದಲ ಸಣ್ಣ ಅಣು ಹೀಗೆ ಸಿಕ್ಕಿತು. ಮುಂದೆ 2004ರಲ್ಲಿ ಇಜಿ5 ಜೊತೆ ಅದು ಕೂತಿರುವ ರಚನೆ ಪ್ರಕಟವಾಯಿತು. ಎಲ್ಲ ಮೋಟರ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಇರುವ, ಕೋಶದ ಇಂಧನವಾದ ಎಟಿಪಿ ಕೂರುವ ಗುಳಿಯಲ್ಲಿ ಅದು ಕೂರುವುದಿಲ್ಲ, ಪಕ್ಕದಲ್ಲಿರುವ ಬೇರೊಂದು ಗುಳಿಯಲ್ಲಿ ಕೂರುತ್ತದೆ. ಬೇರೆ ಮೋಟರ್‌ಗಳನ್ನು ಅದು ಮುಟ್ಟದಿರಲು ಕಾರಣ ಇದು. ಅಂದಹಾಗೆ ಮೊನಾಸ್ಟ್ರಾಲ್ ತಯಾರಿಸುವುದು ಕಷ್ಟವೇ ಅಲ್ಲ. ಇಟಲಿಯ ಪಿಯೆತ್ರೋ ಬಿಜಿನೆಲ್ಲಿ 19ನೇ ಶತಮಾನದ ಕೊನೆಯಲ್ಲಿ ಕಂಡುಹಿಡಿದ, ಮೂರು ಪದಾರ್ಥಗಳನ್ನು ಒಂದೇ ಪಾತ್ರೆಯಲ್ಲಿ ಸೇರಿಸುವ ಕ್ರಿಯೆ ಸಾಕು.

ಇಲ್ಲಿಯವರೆಗೆ ಇದು ಒಂದು ಅಣು ಸಿಕ್ಕ ಕಥೆ. ಸಂಕೇತ ಮಾರ್ಗಕ್ಕೂ ಇದಕ್ಕೂ ಏನು ಸಂಬಂಧ? ಸಂಬಂಧ ಶುರುವಾಗುವುದು ಎರಡು ಅಣುಗಳನ್ನು ಒಟ್ಟಿಗೆ ಬಳಸಿದಾಗ.

ಒಂಟಿ ಧ್ರುವದ ಕೋಶದಲ್ಲಿ ವರ್ಣತಂತುಗಳಿಗೆ ಎಳೆ ಸಿಕ್ಕಿರುತ್ತದೆ, ಆದರೆ ತಪ್ಪಾಗಿ ಸಿಕ್ಕಿರುತ್ತದೆ. ಎಷ್ಟೋ ಜೋಡಿಗಳಲ್ಲಿ ಎರಡೂ ನಕಲುಗಳು ಒಂದೇ ಧ್ರುವಕ್ಕೆ ಅಂಟಿಕೊಂಡಿರುತ್ತವೆ. ಇಂಥ ತಪ್ಪು ಮಾಮೂಲಿ ಕೋಶದಲ್ಲೂ ಆಗುತ್ತದೆ, ಆದರೆ ಅಲ್ಲೊಂದು ಇಲ್ಲೊಂದು ಆಗಿ ಕೂಡಲೇ ಸರಿಹೋಗುತ್ತದೆ, ಹಿಡಿದು ನೋಡಲು ಸಿಗುವುದಿಲ್ಲ. ಮೊನಾಸ್ಟ್ರಾಲ್ ತಪ್ಪುಗಳನ್ನು ಒಂದೇ ಕೋಶದಲ್ಲಿ ರಾಶಿಯಾಗಿ ಕೊಡುತ್ತದೆ. ಅವುಗಳನ್ನು ಸರಿಪಡಿಸುವುದು ಅರೋರಾ ಬಿ ಎಂಬ ಕೈನೇಸ್ ಇರಬೇಕು ಎಂದು ಯೀಸ್ಟ್ ಕೆಲಸಗಳು ಸೂಚಿಸಿದ್ದವು. ಅರೋರಾವನ್ನು ತಡೆಯುವ ಹೆಸ್ಪೆರಾಡಿನ್ ಎಂಬ ಅಣು 2003ರಲ್ಲಿ ವಿಯೆನ್ನಾದಿಂದ ವರದಿಯಾಗಿತ್ತು.

ಮೈಕೆಲ್ ಲ್ಯಾಂಪ್ಸನ್, ತರುಣ್ ಕಪೂರ್ ಮತ್ತು ಜೊತೆಗಾರರು 2004ರಲ್ಲಿ ಮಾಡಿದ್ದು ನೋಡಿ. ಮೊದಲು ಮೊನಾಸ್ಟ್ರಾಲ್ ಹಾಕಿ ಕೋಶಗಳನ್ನು ಒಂಟಿ ಧ್ರುವದಲ್ಲಿ ನಿಲ್ಲಿಸಿದರು. ಆಮೇಲೆ ಅದನ್ನು ತೊಳೆದು, ಆ ಜಾಗಕ್ಕೆ ಅರೋರಾ ತಡೆಯುವ ಅಣು ಹಾಕಿದರು. ಇಜಿ5 ಮತ್ತೆ ಕೆಲಸ ಶುರು ಮಾಡಿ ಎರಡು ಧ್ರುವಗಳು ಬೇರೆಯಾದವು. ಆದರೆ ಸರಿಪಡಿಸುವ ಕೈನೇಸ್ ಕಟ್ಟಿಹಾಕಿರುವುದರಿಂದ ತಪ್ಪು ಅಂಟುವಿಕೆಗಳು ಹಾಗೇ ಉಳಿದವು. ಈಗ ಅರೋರಾ ತಡೆಯನ್ನೂ ತೊಳೆದರು. ಬೇಕಾದ ನಿಮಿಷಕ್ಕೆ ಅರೋರಾ ಎದ್ದಿತು, ಕ್ಯಾಮೆರಾ ತಯಾರಿತ್ತು. ತಪ್ಪಾಗಿ ಅಂಟಿದ್ದ ಎಳೆಗಳು ಸುಮ್ನೆ ಕಳಚಿಕೊಳ್ಳಲಿಲ್ಲ. ಅವು ಕರಗುತ್ತಾ ಗಿಡ್ಡವಾದವು, ವರ್ಣತಂತುಗಳನ್ನು ಧ್ರುವದ ಹತ್ತಿರಕ್ಕೆ ಎಳೆದುಕೊಂಡು ಹೋದವು. ಅಲ್ಲಿಂದ ಆ ವರ್ಣತಂತುಗಳು ಎರಡೂ ಧ್ರುವಗಳ ಎಳೆ ಹಿಡಿದು ನಡುವಿನ ಸಾಲಿಗೆ ಬಂದವು. ಒಂದು ಸಂಕೇತ ತಪ್ಪನ್ನು ಹೇಗೆ ತಿದ್ದುತ್ತದೆ ಎಂಬುದನ್ನು ಜೀವಂತ ಕೋಶದಲ್ಲಿ ಕಣ್ಣಾರೆ ನೋಡಿದ್ದು ಅದು. ಜೀನ್ ಮಾತ್ರ ತೆಗೆದು ಇದನ್ನು ನೋಡಲು ಆಗುತ್ತಿತ್ತೇ? ನನಗಂತೂ ದಾರಿ ಕಾಣುವುದಿಲ್ಲ. ಅದಕ್ಕೆ ಬೇಕಾದದ್ದು ಪ್ರೋಟೀನ್ ಇಲ್ಲದಿರುವುದು ಅಲ್ಲ, ಇಲ್ಲದೆ ಇದ್ದು ಮತ್ತೆ ಬರುವುದು.

ಅರೋರಾ ಬಿ ಮತ್ತು 'ತಡೆ' ಸಂಕೇತದ ನಡುವಿನ ಸಂಬಂಧವನ್ನೂ ಇದೇ ಬಗೆಯ ತರ್ಕ ಬಿಡಿಸಿತು. ಟ್ಯಾಕ್ಸಾಲ್ ಅಥವಾ ಮೊನಾಸ್ಟ್ರಾಲ್ ಹಾಕಿದ ಕೋಶ ನಿಲ್ಲುತ್ತದೆ, ಎಳೆಗಳನ್ನು ಕರಗಿಸುವ ನೊಕೋಡಜೋಲ್ ಎಂಬ ಅಣು ಹಾಕಿದ್ದೂ ನಿಲ್ಲುತ್ತದೆ. ವ್ಯತ್ಯಾಸ ಏನೆಂದರೆ ಮೊದಲ ಎರಡರಲ್ಲಿ ಎಳೆಗಳು ಅಂಟಿರುತ್ತವೆ, ಸರಿಯಾದ ಎಳೆತ ಮಾತ್ರ ಇರುವುದಿಲ್ಲ. ನೊಕೋಡಜೋಲ್‌ನಲ್ಲಿ ಎಳೆಗಳೇ ಇರುವುದಿಲ್ಲ. ವಿಯೆನ್ನಾದವರು ಹೆಸ್ಪೆರಾಡಿನ್ ಹಾಕಿದಾಗ ಮೊದಲ ಎರಡು ಬಗೆಯ ಕೋಶಗಳು ಬೇಗ ತಡೆ ಮುರಿದು ಹೊರಟವು. ನೊಕೋಡಜೋಲ್‌ನವು ಬಹಳ ಹೊತ್ತು ನಿಂತೇ ಇದ್ದವು. ಇದರಿಂದ ಬಂದ ವಾದ ಹೀಗೆ: ಅರೋರಾ ಬಿ ತಪ್ಪು ಎಳೆಗಳನ್ನು ಬಿಡಿಸುತ್ತದೆ, ಬಿಡಿಸಿದ ಜಾಗ ಖಾಲಿಯಾಗುತ್ತದೆ, ಖಾಲಿ ಜಾಗವೇ 'ತಡೆ' ಎನ್ನುತ್ತದೆ. ಅರೋರಾ ಇಲ್ಲದಿದ್ದರೆ ತಪ್ಪು ಅಂಟುವಿಕೆ ಹಾಗೇ ಇರುತ್ತದೆ, ಕೋಶ ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತದೆ. ಮುಂದೆ 2011ರಲ್ಲಿ ಎಂಪಿಎಸ್1 ತಡೆಯುವ ರಿವರ್ಸಿನ್ ಎಂಬ ಅಣುವನ್ನು ಸ್ವಲ್ಪವೇ ಹಾಕಿ, ಜೊತೆಗೆ ಹೆಸ್ಪೆರಾಡಿನ್ ಹಾಕಿ ನೋಡಿದಾಗ ಎಳೆಗಳೇ ಇಲ್ಲದ ಕೋಶಗಳೂ ಹೊರಟುಬಿಟ್ಟವು. ಅಂದರೆ ತಿದ್ದುವ ಕೆಲಸದ ಜೊತೆಗೆ 'ತಡೆ' ಸಂಕೇತದಲ್ಲೂ ಅರೋರಾ ಬಿಗೆ ನೇರ ಪಾಲಿದೆ. ಒಂದು ಅಣು ಕೊಟ್ಟ ಉತ್ತರವನ್ನು ಎರಡು ಅಣುಗಳ ಜೋಡಿ ತಿದ್ದಿತು.

ಪೋಲೋ ಕೈನೇಸ್ ವಿಷಯ ಇನ್ನೂ ನೇರ. ವಿಭಜನೆಯ ಶುರುವಿನಲ್ಲೇ ಅದು ಬೇಕು. ಅದಿಲ್ಲದಿದ್ದರೆ ಎರಡು ಧ್ರುವಗಳೇ ಆಗುವುದಿಲ್ಲ, ಕೋಶ ಅಲ್ಲೇ ನಿಲ್ಲುತ್ತದೆ. ಕೊನೆಯಲ್ಲಿ ಕೋಶ ತುಂಡಾಗುವಾಗ ಅದಕ್ಕೆ ಏನಾದರೂ ಕೆಲಸ ಇದೆಯೇ ಎಂದು ಜೀನ್ ತೆಗೆದು ತಿಳಿಯುವುದು ಕಷ್ಟ, ಯಾಕೆಂದರೆ ಕೋಶ ಅಲ್ಲಿಯವರೆಗೆ ಬರುವುದೇ ಇಲ್ಲ. 2007ರಲ್ಲಿ ಹಲವು ಪ್ರಯೋಗಾಲಯಗಳು ಹೆಚ್ಚುಕಡಿಮೆ ಒಟ್ಟಿಗೇ ಇದಕ್ಕೆ ಉತ್ತರ ಕೊಟ್ಟವು. ಬಿಐ 2536 ಎಂಬ ಪೋಲೋ ತಡೆಯುವ ಅಣುವನ್ನು, ಅಥವಾ ಅಂಥದೇ ಇನ್ನೊಂದನ್ನು, ವರ್ಣತಂತುಗಳು ಬೇರೆಯಾಗುವ ಹೊತ್ತಿಗೆ ಹಾಕಿದರು. ವರ್ಣತಂತುಗಳು ಎರಡು ಕಡೆ ಹೋದವು, ಆದರೆ ಕೋಶದ ನಡು ಕಿರಿದಾಗಲೇ ಇಲ್ಲ. ಆರ್‌ಎಚ್‌ಒಎ ಎಂಬ ಪ್ರೋಟೀನ್ ನಡುವಿಗೆ ಬಂದು ಸೇರಿದರೆ ಮಾತ್ರ ಅಲ್ಲಿ ಬಿಗಿಯುವ ಉಂಗುರ ಕಟ್ಟುತ್ತದೆ. ಅದನ್ನು ಎಬ್ಬಿಸುವ ಇಸಿಟಿ2 ಎಂಬ ಪ್ರೋಟೀನ್ ನಡುವಿಗೆ ಬರಲು ಪೋಲೋ ಬೇಕು. ಮಾರ್ಗದ ಒಂದು ಕೊಂಡಿ ಹೀಗೆ ಸಿಕ್ಕಿತು.

ಅಣುಗಳನ್ನೂ ಜೀನ್‌ಗಳನ್ನೂ ಎದುರಾಳಿಗಳಂತೆ ನೋಡುವುದು ಸರಿಯಲ್ಲ ಎಂಬುದನ್ನು ಉಲ್ರಿಕೆ ಎಗರ್ಟ್ ಮತ್ತು ಜೊತೆಗಾರರು 2004ರಲ್ಲಿ ತೋರಿಸಿದರು. ಹಣ್ಣುನೊಣದ ಕೋಶಗಳ ಮೇಲೆ ಎರಡೂ ಬಗೆಯ ಸ್ಕ್ರೀನಿಂಗನ್ನು ಒಟ್ಟಿಗೆ ನಡೆಸಿದರು. ಒಂದು ಕಡೆ ಸಾವಿರಾರು ಅಣುಗಳು, ಇನ್ನೊಂದು ಕಡೆ ಹೆಚ್ಚುಕಡಿಮೆ ಎಲ್ಲ ಜೀನ್‌ಗಳನ್ನೂ ಒಂದೊಂದಾಗಿ ಸುಮ್ಮನಾಗಿಸುವ ಆರ್‌ಎನ್‌ಎ. ಹುಡುಕಿದ್ದು ಒಂದೇ ಲಕ್ಷಣ, ಎರಡು ಕೋಶಕೇಂದ್ರಗಳಿರುವ (ನ್ಯೂಕ್ಲಿಯಸ್) ಕೋಶ. ಕೊನೆಯ ತುಂಡಾಗುವಿಕೆ ತಪ್ಪಿದರೆ ಹಾಗಾಗುತ್ತದೆ. ಸಿಕ್ಕಿದ್ದು 50 ಅಣುಗಳು ಮತ್ತು 214 ಜೀನ್‌ಗಳು. ಯಾವ ಅಣುವಿನ ಚಿತ್ರ ಯಾವ ಜೀನ್ ತೆಗೆದ ಚಿತ್ರಕ್ಕೆ ಹೋಲುತ್ತದೆ ಎಂದು ಜೋಡಿಸಿ ನೋಡಿದಾಗ, ಬೈನ್ಯೂಕ್ಲೀನ್ 2 ಎಂಬ ಅಣು ಅರೋರಾ ಬಿ ಮಾರ್ಗವನ್ನು ಕೆಡಿಸುತ್ತದೆ ಎಂದು ತಿಳಿಯಿತು. ಅದು ನೊಣದ ಅರೋರಾ ಬಿಯನ್ನು ಹಿಡಿಯುತ್ತದೆ, ಮನುಷ್ಯನದನ್ನು ಹಿಡಿಯುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಒಂದು ಪ್ರಾಣಿಯಲ್ಲಿ ಸಿಕ್ಕಿದ್ದನ್ನು ಇನ್ನೊಂದಕ್ಕೆ ಹಾಗೇ ಒಯ್ಯಬಾರದು ಅನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಈ ದಾರಿಯ ಅಪಾಯಗಳನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ಎಲ್ಲಕ್ಕಿಂತ ದೊಡ್ಡದು ಅಣು ತಾನು ಹಿಡಿಯಬೇಕಾದ್ದನ್ನು ಬಿಟ್ಟು ಬೇರೆಯದನ್ನೂ ಹಿಡಿಯುವುದು. ಕೈನೇಸ್‌ಗಳಲ್ಲಿ ಈ ಕಾಟ ಜಾಸ್ತಿ, ಯಾಕೆಂದರೆ ಎಲ್ಲವೂ ಎಟಿಪಿಯಿಂದಲೇ ಫಾಸ್ಫೇಟ್ ತೆಗೆದುಕೊಳ್ಳುತ್ತವೆ, ಎಟಿಪಿ ಕೂರುವ ಗುಳಿ ಎಲ್ಲದರಲ್ಲೂ ಒಂದೇ ತರಹ. ಕಡಿಮೆ ಪ್ರಮಾಣದಲ್ಲಿ ಒಂದನ್ನೇ ಹಿಡಿಯುವ ಅಣು ಪ್ರಮಾಣ ಹೆಚ್ಚಿದರೆ ಹತ್ತನ್ನು ಹಿಡಿಯುತ್ತದೆ. ಕೆವನ್ ಶೋಕಟ್ ಇದಕ್ಕೊಂದು ಜಾಣ ಉಪಾಯ ಕಂಡುಹಿಡಿದರು. ತಮಗೆ ಬೇಕಾದ ಒಂದೇ ಕೈನೇಸ್‌ನ ಜೀನನ್ನು ತಿದ್ದಿ ಗುಳಿಯನ್ನು ಸ್ವಲ್ಪ ದೊಡ್ಡದು ಮಾಡುವುದು, ಆ ದೊಡ್ಡ ಗುಳಿಗೆ ಮಾತ್ರ ಹಿಡಿಸುವಂಥ ದಪ್ಪ ಅಣು ತಯಾರಿಸುವುದು. ಬೇರೆ ಕೈನೇಸ್‌ಗಳ ಗುಳಿಗೆ ಅದು ಹೋಗುವುದೇ ಇಲ್ಲ. 2000ದಲ್ಲಿ ಯೀಸ್ಟ್‌ನ ಸಿಡಿಕೆಯಲ್ಲಿ ಇದನ್ನು ಮಾಡಿ ತೋರಿಸಿದರು. ಪೋಲೋ ವಿಷಯದಲ್ಲೂ ಒಂದು ತಂಡ ಇದೇ ಉಪಾಯ ಬಳಸಿ ಅದೇ ಉತ್ತರಕ್ಕೆ ಬಂದಿತು. ಎರಡು ಬೇರೆ ದಾರಿಗಳು ಒಂದೇ ಕಡೆ ಸೇರಿದರೆ ನಂಬಿಕೆ ಗಟ್ಟಿಯಾಗುತ್ತದೆ, ಅಲ್ವಾ?

ಅಣು ನಿಜವಾಗಿ ಹಿಡಿದದ್ದು ಯಾವ ಪ್ರೋಟೀನನ್ನು ಎಂದು ಒರೆಗೆ ಹಚ್ಚಲು ಇನ್ನೊಂದು ಬಲವಾದ ಪರೀಕ್ಷೆ ಇದೆ. ಅಣುವಿಗೆ ಜಗ್ಗದೆ ಬೆಳೆಯುವ ಕೋಶಗಳನ್ನು ಹುಡುಕಿ ಅವುಗಳ ಜೀನ್ ಓದುವುದು. ಅಣು ಕೂರುವ ಗುಳಿಯಲ್ಲೇ ಬದಲಾವಣೆ ಆಗಿದ್ದು, ಆ ಒಂದು ಬದಲಾವಣೆಯನ್ನು ಮಾತ್ರ ಬೇರೆ ಕೋಶಕ್ಕೆ ಹಾಕಿದಾಗ ಅದೂ ಜಗ್ಗದಿದ್ದರೆ ಗುರಿ ಅದೇ ಎಂದು ಧೈರ್ಯವಾಗಿ ಹೇಳಬಹುದು.

ಇನ್ನು ಕೆಲವು ಅಣುಗಳು ಯಾವ ಸ್ಕ್ರೀನಿಂಗ್ ಮಾಡಿದರೂ ಹೊಳೆಯುತ್ತವೆ. ತಾವೇ ಬೆಳಕು ಸೂಸುತ್ತವೆ, ಸಿಕ್ಕ ಪ್ರೋಟೀನಿಗೆಲ್ಲ ಅಂಟುತ್ತವೆ, ಗುಂಪುಗಟ್ಟಿ ಪ್ರೋಟೀನುಗಳನ್ನು ಒಳಗೆ ಸೇರಿಸಿಕೊಳ್ಳುತ್ತವೆ. ಅರಿಶಿನದ ಕರ್ಕ್ಯುಮಿನ್ ಈ ಪಟ್ಟಿಯ ದೊಡ್ಡ ಹೆಸರು. ಟ್ಯೂಬ್ಯುಲಿನ್ ಸೇರಿ ಹತ್ತಾರು ಪ್ರೋಟೀನುಗಳ ಮೇಲೆ ಅದು ಕೆಲಸ ಮಾಡುತ್ತದೆ ಎಂದು ಪ್ರಬಂಧಗಳು ಬಂದಿವೆ. ಔಷಧ ರಸಾಯನಶಾಸ್ತ್ರಜ್ಞರು 2017ರಲ್ಲಿ ಆ ಕೆಲಸಗಳನ್ನೆಲ್ಲ ಪರಿಶೀಲಿಸಿ, ಇಂಥ ಸುಳ್ಳು ಹೊಳಪಿನ ಗುಣ ಕರ್ಕ್ಯುಮಿನ್‌ಗೆ ಇದೆ, ಅದು ನೀರಿನಲ್ಲಿ ಬೇಗ ಒಡೆಯುತ್ತದೆ, ಬಾಯಿಯಿಂದ ತೆಗೆದುಕೊಂಡರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ ಎಂದು ಬರೆದರು. ಅರಿಶಿನ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ ಎಂಬ ಸಂದೇಶ ಫೋನಿಗೆ ಬಂದಾಗ ಇದು ನೆನಪಿರಲಿ. ಪ್ರಯೋಗಾಲಯದ ತಟ್ಟೆಯ ಗುಳಿಯಲ್ಲಿ ಕೋಶ ಸತ್ತಿದ್ದು ನಿಜವೇ ಇರಬಹುದು. ಯಾವ ಪ್ರಮಾಣಕ್ಕೆ, ಯಾವ ಪ್ರೋಟೀನ್ ಹಿಡಿದು ಸತ್ತಿತು ಎಂಬುದೇ ಕೇಳಬೇಕಾದ ಪ್ರಶ್ನೆ.

ಮೊನಾಸ್ಟ್ರಾಲ್ ಔಷಧಿಯಾಯಿತೇ? ಇಲ್ಲ. ಅದರ ಬಲ ಕಡಿಮೆ, ಕೋಶಗಳಿಗೆ ಬಹಳಷ್ಟು ಹಾಕಬೇಕು. ಅದಕ್ಕಿಂತ ಎಷ್ಟೋ ಪಟ್ಟು ಬಲವಾದ ಇಸ್ಪಿನೆಸಿಬ್‌ನಂಥ ಇಜಿ5 ತಡೆಗಳು ರೋಗಿಗಳವರೆಗೂ ಹೋದವು. ನಿರೀಕ್ಷೆ ಸಹಜವಾಗಿತ್ತು. ನರಗಳಲ್ಲಿ ಕೊಳವೆಗಳು ಹಾಗೇ ಉಳಿಯುತ್ತವೆ, ವಿಭಜನೆ ಮಾತ್ರ ನಿಲ್ಲುತ್ತದೆ. ನರಗಳ ತೊಂದರೆ ನಿಜಕ್ಕೂ ಕಡಿಮೆಯಿತ್ತು. ಆದರೆ ರಕ್ತದ ಬಿಳಿ ಕಣಗಳು ಕುಸಿದವು, ಗಡ್ಡೆಗಳು ಎಣಿಸಿದಷ್ಟು ಕರಗಲಿಲ್ಲ. ತಟ್ಟೆಯಲ್ಲಿ ದಿನಕ್ಕೊಮ್ಮೆ ಎರಡಾಗುವ ಕೋಶಗಳಿರುತ್ತವೆ, ರೋಗಿಯ ಗಡ್ಡೆಯ ಕೋಶಗಳು ಅದಕ್ಕಿಂತ ಬಹಳ ನಿಧಾನ. ಅಣು ರಕ್ತದಲ್ಲಿರುವಷ್ಟು ಹೊತ್ತಿನಲ್ಲಿ ವಿಭಜನೆಗೆ ಇಳಿಯುವ ಕೋಶಗಳೇ ಕಡಿಮೆ ಎಂಬುದು ಒಂದು ವಿವರಣೆ.

ಹಾಗಿದ್ದರೆ ಟ್ಯಾಕ್ಸಾಲ್ ಯಾಕೆ ಕೆಲಸ ಮಾಡುತ್ತದೆ? ಅದೂ ವಿಭಜನೆಯನ್ನೇ ನಿಲ್ಲಿಸುತ್ತದೆ ಎಂದಲ್ಲವೇ ದಶಕಗಳಿಂದ ಹೇಳುತ್ತಾ ಬಂದಿದ್ದು? ಅಮೆರಿಕದ ವಿಸ್ಕಾನ್ಸಿನ್‌ನ ತಂಡವೊಂದು 2014ರಲ್ಲಿ ಸ್ತನ ಕ್ಯಾನ್ಸರ್ ರೋಗಿಗಳ ಗಡ್ಡೆಯೊಳಗೆ ಟ್ಯಾಕ್ಸಾಲ್ ಎಷ್ಟು ಸೇರುತ್ತದೆ ಎಂದು ಅಳೆದು, ಅಷ್ಟೇ ಪ್ರಮಾಣವನ್ನು ಕೋಶಗಳಿಗೆ ಹಾಕಿ ನೋಡಿತು. ಅಷ್ಟಕ್ಕೆ ಕೋಶ ನಿಲ್ಲುವುದಿಲ್ಲ. ಎರಡರ ಬದಲು ಮೂರು ನಾಲ್ಕು ಧ್ರುವಗಳಾಗುತ್ತವೆ, ವರ್ಣತಂತುಗಳು ಎಲ್ಲೆಲ್ಲೋ ಹಂಚಿಹೋಗುತ್ತವೆ, ಅಂಥ ಹೊಸ ಕೋಶಗಳಲ್ಲಿ ಅನೇಕ ಸಾಯುತ್ತವೆ. ಗಡ್ಡೆಯನ್ನು ಸೋಲಿಸುತ್ತಿದ್ದದ್ದು ವಿಭಜನೆ ನಿಂತದ್ದಲ್ಲ, ತಪ್ಪು ಹಂಚಿಕೆ.

ಇದರ ಮುಂದಿನ ಹೆಜ್ಜೆಯಾಗಿ ಕೆಲವರು ಎಂಪಿಎಸ್1 ತಡೆಯುವ ಅಣುಗಳನ್ನು ಟ್ಯಾಕ್ಸಾಲ್ ಜೊತೆ ಸೇರಿಸಿ ರೋಗಿಗಳಲ್ಲಿ ಪರೀಕ್ಷಿಸಿದ್ದಾರೆ. 'ತಡೆ' ಸಂಕೇತವನ್ನೇ ಅಳಿಸಿ, ಹಂಚಿಕೆಯ ತಪ್ಪುಗಳನ್ನು ಕೋಶ ತಾಳಲಾರದಷ್ಟು ಹೆಚ್ಚಿಸುವುದು ಅದರ ಹಿಂದಿನ ಯೋಚನೆ. ಎಷ್ಟು ತಪ್ಪಾದರೆ ಗಡ್ಡೆಯ ಕೋಶ ಸಾಯುತ್ತದೆ, ಎಷ್ಟಾದರೆ ಬದುಕಿಕೊಂಡು ಇನ್ನೂ ಹಠಮಾರಿಯಾಗುತ್ತದೆ ಎಂಬ ಗೆರೆ ಗಡ್ಡೆಯಿಂದ ಗಡ್ಡೆಗೆ ಬೇರೆ. ಆ ಗೆರೆ ಹುಡುಕಲು ಮತ್ತೆ ಬೇಕಾಗುವುದು 384 ಗುಳಿಗಳ ಅದೇ ತಟ್ಟೆ. ಈ ಸಲ ಅದರಲ್ಲಿ ರೋಗಿಗಳ ಗಡ್ಡೆಯಿಂದಲೇ ಬೆಳೆಸಿದ ಕೋಶಗಳನ್ನು ಹಾಕಿ, ಅಣುಗಳನ್ನು ಜೋಡಿ ಜೋಡಿಯಾಗಿ, ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ನೋಡಬೇಕು.